ವಾತಾಪಿ ಎಂದರೆ ನಮ್ಮ ಬಾದಾಮಿ

2024ರ ಜನವರಿಯಲ್ಲಿ ಲಂಡನ್ನಿನಿಂದ ನನ್ನ ಮೊಮ್ಮಗಳು ಬಾಗಲಕೋಟೆಗೆ ಬಂದಿದ್ದಳು. ಮಗಳಿಗೆ ರಜೆ ಸಿಗಲಿಲ್ಲ, ಹುಡುಗಿ ಒಬ್ಬಳೇ ಬಂದಳು. ಇಪ್ಪತ್ತು ತುಂಬಿದೆ. ಹುಟ್ಟಿದ್ದು ಅಲ್ಲೇ, ಬೆಳೆದದ್ದೂ ಅಲ್ಲೇ. ಬಂದ ಮರುದಿನ ಸಂಜೆ ದೇವರ ಮುಂದೆ ದೀಪ ಹಚ್ಚಿ, "ಒಂದು ಹಾಡು ಹೇಳು ಬಾರವ್ವ" ಎಂದು ಕರೆದೆ. ಚಾಪೆಯ ಮೇಲೆ ಕಾಲು ಮಡಿಚಿ ಕೂತು, ತೊಡೆಯ ಮೇಲೆ ತಾಳ ಹಾಕುತ್ತ 'ವಾತಾಪಿ ಗಣಪತಿಂ' ಹಾಡಿದಳು. ಮುತ್ತುಸ್ವಾಮಿ ದೀಕ್ಷಿತರ ಕೃತಿ, ಹಂಸಧ್ವನಿ ರಾಗ. ಅಲ್ಲಿ ತಮಿಳು ಹೆಣ್ಣುಮಗಳೊಬ್ಬರ ಹತ್ತಿರ ಏಳು ವರ್ಷ ಸಂಗೀತ ಕಲಿತಿದ್ದಾಳೆ. ನಮ್ಮ ಮನೆಯಲ್ಲಿ ಆ ಸಂಗೀತ ಯಾರಿಗೂ ಬರುವುದಿಲ್ಲ. ನಮ್ಮ ಕಡೆ ಹಾಡೆಂದರೆ ಭಜನೆ, ವಚನ, ತೀರಾ ಆದರೆ ಗವಾಯಿಗಳ ಹಿಂದುಸ್ತಾನಿ. ಆದರೂ ಹುಡುಗಿ ಒಂದು ಅಕ್ಷರ ತಪ್ಪದೆ ಹಾಡಿದಳು, ನನಗೆ ಕಣ್ಣು ತುಂಬಿ ಬಂತು.

ಮುಗಿದ ಮೇಲೆ ಕೇಳಿದೆ, "ವಾತಾಪಿ ಎಲ್ಲೈತಿ ಗೊತ್ತೈತೇನು?"

ಅವಳು ಇಂಗ್ಲಿಷಿನಲ್ಲಿ, ಅದು ಊರೇ? ಗಣಪತಿಯ ಹೆಸರು ಅಂದುಕೊಂಡಿದ್ದೆ, ಎಂದಳು.

"ಊರು ಹುಚ್ಚಿ. ವಾತಾಪಿ ಅಂದ್ರ ನಮ್ಮ ಬಾದಾಮಿ. ಇಲ್ಲಿಂದ ಬಸ್ಸಿನ್ಯಾಗ ಹೋದ್ರ ತಾಸು, ಒಂದೂವರೆ ತಾಸು."

ಅವಳು ನಂಬದವಳಂತೆ ನನ್ನ ಮುಖ ನೋಡಿದಳು. ಏಳು ವರ್ಷದಿಂದ ತನ್ನ ಬಾಯಲ್ಲಿದ್ದ ಊರು ಆಯಿಯ ಮನೆಯ ಪಕ್ಕದಲ್ಲಿದೆ ಎಂದರೆ ಯಾರು ನಂಬಬೇಕು?

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು. ಚಾಲುಕ್ಯರ ಪಾಠ ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. ಆದರೆ ನನ್ನ ಮಗಳ ಮಗಳಿಗೆ ಅದನ್ನು ಹೇಳುವ ಹೊತ್ತಿಗೆ ನನ್ನ ಬಾಯಿ ಕಟ್ಟಿತು. ಅವಳಿಗೆ ನನ್ನ ಕನ್ನಡ ಅರ್ಧ ತಿಳಿಯುತ್ತದೆ, ಮಾತಾಡಲು ಬರುವುದು ಹತ್ತಿಪ್ಪತ್ತು ಮಾತು. ನನ್ನ ಇಂಗ್ಲಿಷು ಓದುವ ಇಂಗ್ಲಿಷು, ಆಡುವ ಇಂಗ್ಲಿಷಲ್ಲ. ಹೀಗೆ ಅಜ್ಜಿ ಮೊಮ್ಮಗಳು ಒಂದು ಹೊಳೆಯ ಎರಡು ದಂಡೆಯಲ್ಲಿ ನಿಂತು ಕೂಗಿಕೊಂಡಂತೆ ಮಾತಾಡುತ್ತೇವೆ. ಇದಕ್ಕೆ ಯಾರು ಕಾರಣ ಎಂದು ಕೇಳಿದರೆ ಬೇರೆಯವರ ಕಡೆ ಬೆರಳು ತೋರಿಸಲು ನನಗೆ ಬಾಯಿಲ್ಲ.

2006ರಲ್ಲಿ, ಹುಡುಗಿಗೆ ಮೂರು ವರ್ಷವಿದ್ದಾಗ, ಮಗಳು ಫೋನು ಮಾಡಿದಳು. "ಅವ್ವಾ, ಬಾಲವಾಡಿ ಟೀಚರ್ ಕರಿಸಿದ್ರು. ಹುಡುಗಿ ಮಾತು ತಡ ಮಾಡ್ಯಾಳ, ಎರಡು ಭಾಷೆ ಕೇಳಿ ಗೊಂದಲ ಆಗೈತಿ, ಮನ್ಯಾಗೂ ಇಂಗ್ಲಿಷ್ ಒಂದ ಮಾತಾಡ್ರಿ ಅಂತಾರ. ಏನು ಮಾಡ್ಲಿ?" ಅವಳ ದನಿಯಲ್ಲಿ ಅಳು ಇತ್ತು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ನಾನೂ ಟೀಚರಲ್ಲವೆ? "ಟೀಚರ್ ಹೇಳಿದ ಮ್ಯಾಲೆ ಹಂಗ ಮಾಡ್ರಿ. ಕನ್ನಡ ಎಲ್ಲಿ ಹೊಕ್ಕೈತಿ, ಆಮ್ಯಾಲೆ ಕಲೀತಾಳ" ಎಂದುಬಿಟ್ಟೆ. ಎರಡು ಭಾಷೆ ಕೇಳಿ ಬೆಳೆದರೆ ಮಗುವಿನ ಮಾತು ಕೆಡುವುದಿಲ್ಲ ಎಂಬುದು ಈಗ ತಜ್ಞರೆಲ್ಲ ಒಪ್ಪಿದ ಮಾತು. ನಮ್ಮ ಓಣಿಯ ಮುಸಲ್ಮಾನರ ಮಕ್ಕಳು ಉರ್ದು, ಕನ್ನಡ ಎರಡನ್ನೂ ಪಟಪಟ ಆಡುವುದನ್ನು ದಿನಾ ಕೇಳಿದ್ದ ನನಗೆ ಅಂದು ಅದು ಹೊಳೆಯಲಿಲ್ಲ. ಹುಡುಗಿ ನಾಲ್ಕನೆಯ ವರ್ಷಕ್ಕೆ ಚೆನ್ನಾಗಿ ಮಾತಾಡಿದಳು. ಇಂಗ್ಲಿಷಿನಲ್ಲಿ. ಆಮೇಲೆ ಕನ್ನಡ ಕಲಿಯುವ ದಿನ ಬರಲೇ ಇಲ್ಲ.

ನಮ್ಮ ಮನೆ ನೋಡಬೇಕು ಎಂದಳು. ತಾಯಿ ಹುಟ್ಟಿ ಬೆಳೆದ ಮನೆ. ಅದು ಇಲ್ಲ ಎಂದು ಅವಳಿಗೆ ಗೊತ್ತಿತ್ತು, ಆದರೆ ಇಲ್ಲ ಎನ್ನುವುದು ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ. ಹಳೇ ಬಾಗಲಕೋಟೆಗೆ ಕರೆದುಕೊಂಡು ಹೋದೆ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟಿನ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಕೈಯಿಂದ. ಆಗಿನಿಂದ ಊರಿಗೆ ಊರೇ ಇಂದು ಮುಳುಗುತ್ತೇವೆ, ನಾಳೆ ಮುಳುಗುತ್ತೇವೆ ಎಂದು ಗೋಡೆಗೆ ಸುಣ್ಣ ಸಹ ಬಳಿಯದೆ ಕಾಯಿತು. 2000ದಲ್ಲಿ ಸುಪ್ರೀಂ ಕೋರ್ಟು 519.60 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿತು. ಆ ಮೇಲೆ ಘಟಪ್ರಭೆಯಲ್ಲಿ ಹಿನ್ನೀರು ಏರಿ ಹೊಳೆಯ ಕಡೆಯ ಓಣಿಗಳು ಹೋದವು. ನಮಗೆ ನವನಗರದಲ್ಲಿ ಸೈಟು ಬಂತು. ಹಳಪೇಟೆ, ಹೊಸಪೇಟೆ, ಕಿಲ್ಲಾ ಎಂದು ಹೇಳುತ್ತಿದ್ದ ಬಾಯಲ್ಲಿ ಸೆಕ್ಟರ್ ನಂಬರು ಹೇಳಲು ಕಲಿತೆವು. ನಮ್ಮನೆಯವರು ಸಾಯುವವರೆಗೂ ನವನಗರದ ಮನೆಯನ್ನು 'ಆ ಮನಿ' ಎಂದೇ ಅಂದರು, 'ನಮ್ಮ ಮನಿ' ಎನ್ನಲಿಲ್ಲ.

ನೀರಿನ ದಂಡೆಯಲ್ಲಿ ನಿಂತು, "ಅಲ್ಲಿ" ಎಂದು ತೋರಿಸಿದೆ. ಒಂದು ಬೆಳ್ಳಕ್ಕಿ ಕೂತಿತ್ತು. ಹುಡುಗಿ ಬಹಳ ಹೊತ್ತು ನೋಡಿ, ಆಮೇಲೆ ಕನ್ನಡದಲ್ಲೇ ಕೇಳಿದಳು, "ಆಯಿ, ನಿಮಗೂ ಊರು ಇಲ್ಲ?" ಅವಳಿಗೆ ಬರುವ ಹತ್ತಿಪ್ಪತ್ತು ಮಾತಿನಲ್ಲೇ ಜೋಡಿಸಿ ಆಡಿದ ಮಾತು ಅದು. ನಾನು ಉತ್ತರ ಕೊಡಲಿಲ್ಲ. ಪರದೇಶದಲ್ಲಿ ಹುಟ್ಟಿದವರಷ್ಟೇ ಬೇರು ಕಳೆದುಕೊಂಡವರು, ನಾವು ಇಲ್ಲೇ ಗಟ್ಟಿಯಾಗಿ ನಿಂತವರು ಎಂದು ಲೆಕ್ಕ ಹಾಕಿದ್ದೆ. ನವನಗರದಲ್ಲಿರುವ ನನ್ನ ಮಗನ ಮಗನಿಗೆ ಕನ್ನಡ ಅಂಕಿ ಓದಲು ಬರುವುದಿಲ್ಲ, ಆ ಮಾತು ಬೇರೆ.

ಬನದ ಹುಣ್ಣಿಮೆ ಆ ವರ್ಷ ಜನವರಿ 25ಕ್ಕೆ ಬಂದಿತ್ತು. ನಮ್ಮ ಮನೆದೇವರು ಬನಶಂಕರಿ. ತೇರು ಎಳೆಯುವ ದಿನದ ಜಾತ್ರೆಯ ಗದ್ದಲಕ್ಕೆ ಹುಡುಗಿಯನ್ನು ಒಯ್ಯುವುದು ಬೇಡವೆಂದು ಮೂರು ದಿನ ಬಿಟ್ಟು ಗಾಡಿ ಮಾಡಿಕೊಂಡು ಹೊರಟೆವು. ಬಾದಾಮಿ, ಬನಶಂಕರಿ, ಐಹೊಳೆ, ಅಮೀನಗಡ, ಹುನಗುಂದ, ಕೊನೆಗೆ ನನ್ನ ತವರು ಇಳಕಲ್ಲ. ಎರಡು ದಿನದ ದಾರಿ.

ಬಾದಾಮಿಯ ಮೂರನೆಯ ಗುಹೆಯ ಪಡಸಾಲೆಯಲ್ಲಿ ದೊಡ್ಡ ವರಾಹಮೂರ್ತಿ ಇದೆ. ಗುಹೆಯನ್ನು ಶಕ 500ರಲ್ಲಿ, ಎಂದರೆ ಕ್ರಿ.ಶ. 578ರಲ್ಲಿ, ಮಂಗಲೇಶ ಎಂಬ ಚಾಲುಕ್ಯ ರಾಜಕುಮಾರ ತನ್ನ ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಮಾಡಿಸಿದ. ಅಲ್ಲಿಯೇ ಮೆಟ್ಟಿಲ ಮೇಲೆ ಕೂತು, ಮೊದಲು ಅವಳ ಗಣಪತಿಯ ಕಥೆ ಹೇಳಿದೆ. 642ರಲ್ಲಿ ಕಂಚಿಯ ಪಲ್ಲವ ನರಸಿಂಹವರ್ಮ ದಂಡೆತ್ತಿ ಬಂದು ಬಾದಾಮಿಯನ್ನು ಹಿಡಿದ. ಅವನ ಶಾಸನ ಊರ ಬಂಡೆಯ ಮೇಲೆ ಇಂದಿಗೂ ಇದೆ. ಅವನ ಸೇನಾಪತಿ ಪರಂಜ್ಯೋತಿ ಇಲ್ಲಿಯ ಗಣಪತಿಯನ್ನು ಹೊತ್ತು ತನ್ನ ಊರು ತಿರುಚೆಂಗಾಟ್ಟಂಗುಡಿಗೆ ಒಯ್ದ ಎಂದು ಜನ ಹೇಳುತ್ತಾರೆ. ತಿರುವಾರೂರಿನಲ್ಲೂ ಒಬ್ಬ ವಾತಾಪಿ ಗಣಪತಿ ಇದ್ದಾನೆ. ಮೂರ್ತಿ ಒಯ್ದದ್ದಕ್ಕೆ ಆ ಕಾಲದ ಶಾಸನದ ಆಧಾರವಿಲ್ಲ, ಇತಿಹಾಸದ ಟೀಚರಾಗಿ ಇದನ್ನು ಹೇಳಲೇಬೇಕು. ಆದರೆ ಹೆಸರಂತೂ ಹೋಗಿದೆ. ದೇವರು ತಮಿಳುನಾಡಿನವನಾದ, ಅವನ ಪೂಜೆ ತಮಿಳರದು, ಹಾಡು ಸಂಸ್ಕೃತದ್ದು, ಹೆಸರು ಮಾತ್ರ ನಮ್ಮ ಬಾದಾಮಿಯದು.

ಇನ್ನೊಂದು ತಮಾಷೆ ಇದೆ. ಬಾದಾಮಿಯನ್ನು ಸುಟ್ಟ ಆ ಪರಂಜ್ಯೋತಿಯೇ ಮುಂದೆ ಶಿವಭಕ್ತನಾಗಿ ಸಿರುತ್ತೊಂಡರ್ ಎನಿಸಿಕೊಂಡ, ಅರವತ್ತಮೂರು ಪುರಾತನರಲ್ಲಿ ಒಬ್ಬನಾದ. ಆ ಸಿರುತ್ತೊಂಡರೇ ನಮ್ಮ ಸಿರಿಯಾಳ ಸೆಟ್ಟಿ. ಮಗನನ್ನು ಜಂಗಮನಿಗೆ ಅಡಿಗೆ ಮಾಡಿ ಬಡಿಸಿದ ಚಂಗಳೆಯ ಕಥೆಯನ್ನು ನನ್ನ ಅವ್ವ ಬೀಸುವ ಕಲ್ಲಿನ ಮುಂದೆ ಅತ್ತು ಅತ್ತು ಹಾಡುತ್ತಿದ್ದಳು. ತನ್ನ ಊರನ್ನು ಹಾಳು ಮಾಡಿದವನ ಮನೆಯ ಕಥೆಗೆ ತಾನು ಅಳುತ್ತಿದ್ದೇನೆ ಎಂದು ಆ ಪುಣ್ಯಾತ್ಮಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಹಾಡುತ್ತಿದ್ದಳೆನ್ನಿ.

ವರಾಹನ ಮುಂದೆ ಕೂತ ಮೇಲೆ ವೆಂಗಿಯ ಕಥೆ ಹೇಳದೆ ಹೇಗೆ ಬಿಡಲಿ? ಇಮ್ಮಡಿ ಪುಲಿಕೇಶಿಗೆ ಒಬ್ಬ ತಮ್ಮನಿದ್ದ, ಕುಬ್ಜ ವಿಷ್ಣುವರ್ಧನ. ಅಣ್ಣ ಗೆದ್ದ ಪೂರ್ವದ ಸೀಮೆಯನ್ನು, ಗೋದಾವರಿ ಕೃಷ್ಣೆಯರ ನಡುವಿನ ವೆಂಗಿಯನ್ನು, ಆಳಲು ಹೋದವನು ಸುಮಾರು 624ರಲ್ಲಿ ಅಲ್ಲೇ ಸ್ವತಂತ್ರನಾದ. ಅವನು ಹೋದದ್ದು ಬಾದಾಮಿಯಿಂದ, ಆದರೆ ಅವನ ಮೊಮ್ಮಕ್ಕಳು, ಮರಿಮಕ್ಕಳು ಹುಟ್ಟಿದ್ದು ತೆಲುಗು ಸೀಮೆಯಲ್ಲಿ. ನಾಲ್ಕುನೂರು ವರ್ಷ ದಾಟಿ ಅವರು ಅಲ್ಲಿ ಆಳಿದರು. ಅವರ ತಾಮ್ರಪಟಗಳನ್ನು ತೆಗೆದು ನೋಡಿ. ಪ್ರತಿಯೊಂದರ ಮೊದಲಲ್ಲೂ ಬಾದಾಮಿಯ ಅರಸರು ಹೇಳಿಕೊಂಡ ಮಾತುಗಳೇ ಇವೆ. ತಾವು ಮಾನವ್ಯ ಗೋತ್ರದವರು, ಹಾರೀತಿಯ ಮಕ್ಕಳು, ಸಪ್ತಮಾತೃಕೆಯರು ಸಾಕಿದವರು, ನಾರಾಯಣನ ಪ್ರಸಾದದಿಂದ ವರಾಹ ಲಾಂಛನ ಪಡೆದವರು. ನಮ್ಮಲ್ಲಿ ಮದುವೆಯ ಮುಂದೆ ಗೋತ್ರ, ಬೆಡಗು ಹೇಳುತ್ತಾರಲ್ಲ, ಹಾಗೆ. ಒಂದು ತಲೆಮಾರೂ ಅದನ್ನು ಬಿಡಲಿಲ್ಲ.

ಬಿಡಲಿಲ್ಲ ಸರಿ, ಆದರೆ ಆ ಮಾತಿನ ಹಿಂದಿನ ಊರು ಏನಾಯಿತು? ಹನ್ನೊಂದನೆಯ ಶತಮಾನದ ವೆಂಗಿಯ ಪಟಗಳಲ್ಲಿ ಒಂದು ಹೊಸ ಕಥೆ ಬರುತ್ತದೆ. ಚಾಲುಕ್ಯರು ಮೊದಲು ಅಯೋಧ್ಯೆಯಲ್ಲಿ ಆಳುತ್ತಿದ್ದರಂತೆ. ಐವತ್ತೊಂಬತ್ತು ಜನ ಚಕ್ರವರ್ತಿಗಳು ಅಲ್ಲಿ ಆಳಿದ ಮೇಲೆ ವಿಜಯಾದಿತ್ಯ ಎಂಬುವನು ದಕ್ಷಿಣಕ್ಕೆ ಬಂದು ಕಾಳಗದಲ್ಲಿ ಸತ್ತನಂತೆ. ಅವನ ಬಸುರಿ ಹೆಂಡತಿ ಒಂದು ಅಗ್ರಹಾರದಲ್ಲಿ ಆಸರೆ ಪಡೆದು ಮಗನನ್ನು ಹೆತ್ತಳಂತೆ. ಬಸುರಿ ಹೆಣ್ಣುಮಗಳ ಆ ಕಥೆ ನನಗೆ ಸೇರುತ್ತದೆ, ಆದರೆ ಅದು ನಡೆದ ಸಂಗತಿಯಲ್ಲ. ಇಲ್ಲಿ ಕಣ್ಣೆದುರಿಗೆ ಬಾದಾಮಿ ಇರುವಾಗ ಅಯೋಧ್ಯೆ ಏಕೆ ಬೇಕಾಯಿತು? ಬಾಯಿಪಾಠ ಉಳಿದಿತ್ತು, ಊರು ಮರೆತಿತ್ತು. ಮರೆತ ಜಾಗದಲ್ಲಿ ಒಂದು ದೊಡ್ಡ ಹೆಸರು ತಂದು ಕೂಡಿಸಿದರು. ಆ ಹೊತ್ತಿಗೆ ಅವರ ಆಸ್ಥಾನದ ಮಾತು ತೆಲುಗಾಗಿತ್ತು. ರಾಜರಾಜ ನರೇಂದ್ರನ ಆಶ್ರಯದಲ್ಲೇ ನನ್ನಯ್ಯ ತೆಲುಗು ಮಹಾಭಾರತ ಬರೆಯತೊಡಗಿದ್ದು. ಆ ಅರಸ 1053ರಲ್ಲಿ ನಾರಾಯಣಭಟ್ಟ ಎಂಬ ಪಂಡಿತನಿಗೆ ನಂದಂಪೂಡಿ ಎಂಬ ಊರನ್ನು ದತ್ತಿ ಕೊಟ್ಟಾಗ, ಇವನು ಸಂಸ್ಕೃತ, ಕರ್ಣಾಟ, ಪ್ರಾಕೃತ, ಪೈಶಾಚಿ, ಆಂಧ್ರ ಭಾಷೆಗಳಲ್ಲಿ ಕವಿತೆ ಬಲ್ಲವನು ಎಂದು ಹೊಗಳಿ ಕೆತ್ತಿಸಿದ. ಕನ್ನಡ ಬಲ್ಲುದು ಹೊಗಳಿಕೆಯ ವಿಷಯವಾಗಿತ್ತು ಎಂದರೆ ಅದು ಮನೆಯ ಮಾತಾಗಿ ಉಳಿದಿರಲಿಲ್ಲ ಎಂದೇ ನನ್ನ ಅಂದಾಜು.

ಇದನ್ನೆಲ್ಲ ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವಾಗ ಬಿಸಿಲು ಏರಿತ್ತು. ಹುಡುಗಿ ಕೇಳಿದಳು: ಅವರ ತಾಯಂದಿರು ಯಾವ ಊರಿನವರು? ನೋಡಿ, ಮೂವತ್ತು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿರಲಿಲ್ಲ. ರಾಜರಾಜ ನರೇಂದ್ರನ ತಾಯಿ ಕುಂದವೈ, ತಂಜಾವೂರಿನ ರಾಜರಾಜ ಚೋಳನ ಮಗಳು. ಹೆಂಡತಿ ಅಮ್ಮಂಗದೇವಿ, ರಾಜೇಂದ್ರ ಚೋಳನ ಮಗಳು. ಅವಳ ಮಗ 1070ರಲ್ಲಿ ಚೋಳರ ಸಿಂಹಾಸನವನ್ನೇ ಏರಿ ಕುಲೋತ್ತುಂಗನಾದ. ತಂದೆಯ ಕಡೆಯಿಂದ ವರಾಹ ಬಂತು, ತೊಟ್ಟಿಲಿನ ಹಾಡು ತಾಯಿಯ ಕಡೆಯದು.

ಪಂಪನ ಕಥೆ ಇದಕ್ಕೆ ತಿರುಗುಮುರುಗು. ಅವನ ತಂದೆಯ ಮನೆತನ ಅದೇ ವೆಂಗಿ ಸೀಮೆಯದು. ಅವನು ಇದ್ದದ್ದು ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ, ಈಗಿನ ತೆಲಂಗಾಣದಲ್ಲಿ. ಆದರೆ ಬರೆದದ್ದು ಕನ್ನಡ, ಅದೂ ಪುಲಿಗೆರೆಯ, ನಮ್ಮ ಲಕ್ಷ್ಮೇಶ್ವರದ, ತಿರುಳ್ಗನ್ನಡ ಎಂದು ತಾನೇ ಹೇಳಿಕೊಂಡಿದ್ದಾನೆ. ಇದು ಹೇಗೆ ಎಂಬುದಕ್ಕೆ ಅವನ ತಮ್ಮ ಜಿನವಲ್ಲಭ ಕರೀಂನಗರದ ಕಡೆಯ ಕುರಿಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಒಂದು ಸುಳಿವಿದೆ. ಕನ್ನಡ, ತೆಲುಗು, ಸಂಸ್ಕೃತ ಮೂರೂ ಇರುವ ಆ ಶಾಸನದಲ್ಲಿ ಅವರ ತಾಯಿಯ ಹೆಸರು ಬರುತ್ತದೆ. ಅಬ್ಬಣಬ್ಬೆ, ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಪಂಪನ ಕನ್ನಡಕ್ಕೆ ಪಂಡಿತರು ಏನೇ ಕಾರಣ ಹೇಳಲಿ, ನನಗೆ ಮಾತ್ರ ಅಣ್ಣಿಗೇರಿಯಿಂದ ಅಷ್ಟು ದೂರ ಹೋಗಿ ಬಾಳಿದ ಆ ಹೆಣ್ಣುಮಗಳೇ ಕಾಣುತ್ತಾಳೆ. ಅವಳಿಗೆ ಯಾರೂ, ಮಕ್ಕಳ ಹತ್ತಿರ ಕನ್ನಡ ಆಡಬೇಡ, ತೆಲುಗು ಕೆಡುತ್ತದೆ ಎಂದು ಹೇಳಿರಲಿಕ್ಕಿಲ್ಲ. ಹೇಳಿದ್ದರೆ ಅವಳ ಅವ್ವ ನನ್ನ ಹಾಗೆ ಹೂಂ ಅಂದಿರಲಿಕ್ಕಿಲ್ಲ. ಈ ಕಥೆಯನ್ನು ಹುಡುಗಿಗೆ ನಾನು ಹೇಳಲಿಲ್ಲ. ಗಂಟಲಲ್ಲೇ ಉಳಿಯಿತು.

ಬನಶಂಕರಿಯಲ್ಲಿ ಪಾಳಿ ಉದ್ದ ಇತ್ತು. ಈಗಿನ ಗುಡಿಯನ್ನು 1750ರಲ್ಲಿ ಪರಶುರಾಮ ಆಗಳೆ ಎಂಬ ಮರಾಠಾ ಸರದಾರ ಕಟ್ಟಿಸಿದ ಎನ್ನುತ್ತಾರೆ. ಮಹಾರಾಷ್ಟ್ರದ ಎಷ್ಟೋ ಮನೆತನಗಳಿಗೆ ಇವಳೇ ಕುಲದೇವತೆ. ನಮ್ಮ ಮುಂದೆ ನಿಂತವಳು ಸಾತಾರಾ ಕಡೆಯ ಹೆಣ್ಣುಮಗಳು. ಉಟ್ಟದ್ದು ಇಳಕಲ್ಲ ಸೀರೆ, ಅವರು ಅದನ್ನು 'ಇರಕಲ್' ಎನ್ನುತ್ತಾರೆ. ನಾನು ಕನ್ನಡದಲ್ಲಿ ಮಾತಾಡಿಸಿದೆ, ಅವಳು ಮರಾಠಿಯಲ್ಲಿ ಉತ್ತರ ಕೊಟ್ಟಳು. ಅವರ ಹಿರಿಯರು ಈ ಕಡೆಯಿಂದ ಹೋದವರಂತೆ, ಯಾವಾಗ ಎಂದು ಅವಳಿಗೆ ತಿಳಿಯದು. ಮನೆಯಲ್ಲಿ ಮದುವೆಯಾದರೆ ಸೊಸೆಯನ್ನು ಕರೆತಂದು ಉಡಿ ತುಂಬಿಸಿಕೊಂಡು ಹೋಗುವುದು ತಪ್ಪಿಲ್ಲ. ಅವಳ ಪಕ್ಕದಲ್ಲಿ ಆ ಸೊಸೆ ನಿಂತಿದ್ದಳು, ಕೈಯಲ್ಲಿ ಫೋನು, ಕಣ್ಣಲ್ಲಿ ನಿದ್ದೆ. ನನ್ನ ಮೊಮ್ಮಗಳನ್ನು ನೋಡಿ ನಕ್ಕಳು. ಇಬ್ಬರಿಗೂ ಒಂದೇ ಪಾಡು.

ಮರುದಿನ ಐಹೊಳೆ. ಹುನಗುಂದ ತಾಲ್ಲೂಕಿನ ಈ ಹಳ್ಳಿಗೆ ಬಂದವರು ದುರ್ಗದ ಗುಡಿಯ ಫೋಟೋ ತೆಗೆದುಕೊಂಡು ಹೋಗುತ್ತಾರೆ. 634ರಲ್ಲಿ ಮುಗಿದ ಮೇಗುಟಿಯ ಗುಡ್ಡವನ್ನು ಹತ್ತುವವರು ಕಡಿಮೆ, ನನ್ನ ಮೊಣಕಾಲೂ ಈಗ ಒಪ್ಪುವುದಿಲ್ಲ. ನಾನು ಹುಡುಗಿಗೆ ಹೇಳಬೇಕೆಂದಿದ್ದದ್ದು ಗುಡಿಗಳ ವಿಷಯವಲ್ಲ, ವ್ಯಾಪಾರಿಗಳ ವಿಷಯ. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕರ ಸಂಘ ಈ ಊರಿನ ಹೆಸರು ಹೊತ್ತು ದಕ್ಷಿಣ ಭಾರತವನ್ನೆಲ್ಲ ತಿರುಗಿತು, ಸಿಂಹಳಕ್ಕೆ ಹೋಯಿತು, ಸಮುದ್ರ ದಾಟಿತು. ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ, ಕರ್ಪೂರಕ್ಕೆ ಹೆಸರಾದ ಬಾರೂಸ್ ಎಂಬ ರೇವಿನ ಹತ್ತಿರ, ಅವರ ಒಂದು ಕಲ್ಲು ಸಿಕ್ಕಿದೆ. ಶಕ 1010, ಎಂದರೆ 1088ನೆಯ ಇಸವಿಯದು. ತಮಿಳು ಸೀಮೆಯಲ್ಲಿದ್ದ ಐನೂರ್ವರು ತಮ್ಮನ್ನು ಐಹೊಳೆಯ ಪರಮೇಶ್ವರಿಯ ಮಕ್ಕಳೆಂದೇ ಕರೆದುಕೊಂಡರು. ಆ ಬಾಯಲ್ಲಿ ಅಯ್ಯಾವೊಳೆ 'ಐಯಪೊಳಿಲ್' ಆಯಿತು. ಅವರಲ್ಲಿ ಎಷ್ಟೋ ಜನ ಮಲಪ್ರಭೆಯ ಈ ದಂಡೆಯನ್ನು ಒಂದು ಸಲವೂ ಕಂಡಿರಲಾರರು.

"ಸುಮಾತ್ರಾದ ಕಲ್ಲು ಕನ್ನಡದಾಗ ಐತಿ?" ಎಂದಳು. ಎರಡು ದಿನದಲ್ಲಿ 'ದಾಗ' ಕಲಿತಿದ್ದಳು.

"ಇಲ್ಲ, ತಮಿಳು."

"ಹಂಗಾದ್ರ ನನ್ನಂಗ" ಎಂದು ನಕ್ಕಳು.

ಅಮೀನಗಡದಲ್ಲಿ ಗಾಡಿ ನಿಲ್ಲಿಸಿ ಕರದಂಟು ಕಟ್ಟಿಸಿದೆವು. ಇಪ್ಪತ್ತೈದು ವರ್ಷದಿಂದ ಲಂಡನ್ನಿಗೆ ನಾನು ಕಳಿಸಿದ ಗಂಟುಗಳಲ್ಲಿ ಕರದಂಟು ಇಲ್ಲದ ಗಂಟಿಲ್ಲ. ಅಂಟನ್ನು ತುಪ್ಪದಲ್ಲಿ ಕರಿದು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಹಾಕಿ ಬೆಲ್ಲದ ಪಾಕದಲ್ಲಿ ಕೂಡಿಸುತ್ತಾರೆ. ನಮ್ಮಲ್ಲಿ ಇದು ಮೊದಲು ಬಾಣಂತಿಯ ತಿನಿಸು, ಆಮೇಲೆ ಎಲ್ಲರದು. ಮಗಳ ಬಾಣಂತನಕ್ಕೆ ನಾನು ಹೋಗಲಾಗಲಿಲ್ಲ, ವೀಸಾ ತಡವಾಯಿತು. ಕರದಂಟು ಮಾತ್ರ ಹೋಯಿತು, ಅದರ ಜೊತೆ ಒಂದು ಕೌದಿ. ಆ ಕೌದಿಯ ಮಾತು ಮುಂದೆ ಬರುತ್ತದೆ.

ಹುನಗುಂದದಲ್ಲಿ ಊಟ ಮುಗಿಸಿ ಕೂಡಲಸಂಗಮಕ್ಕೆ ಹೊರಳಿದೆವು. ಕೃಷ್ಣೆ ಮಲಪ್ರಭೆ ಕೂಡುವ ಜಾಗ. ಬಸವಣ್ಣನವರು ಐಕ್ಯವಾದ ತಾಣಕ್ಕೂ ನಾರಾಯಣಪುರದ ಹಿನ್ನೀರು ಬಂದಿತ್ತು. ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿ ಒಳಗೆ ಮೆಟ್ಟಿಲಿಳಿದು ನೋಡುವ ಹಾಗೆ ಮಾಡಿದ್ದಾರೆ. ಹೊರಗೆ ನೀರು, ಒಳಗೆ ಲಿಂಗ. ಹುಡುಗಿ ಇಳಿದು ಬಂದು, ಇವರು ನನಗೆ ಗೊತ್ತು ಎಂದಳು. 2015ರ ನವೆಂಬರ್ 14ರಂದು ಲಂಡನ್ನಿನಲ್ಲಿ ಥೇಮ್ಸ್ ಹೊಳೆಯ ದಂಡೆಯಲ್ಲಿ, ಪಾರ್ಲಿಮೆಂಟಿನ ಎದುರಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಬಸವಣ್ಣನವರ ಮೂರ್ತಿಯನ್ನು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರ್ಗಿ ಕಡೆಯ ನೀರಜ್ ಪಾಟೀಲರ ಹಟದಿಂದ ಆದ ಕೆಲಸ ಅದು. ಅಂದು ಹನ್ನೆರಡು ವರ್ಷದ ಇವಳು ತಂದೆ ತಾಯಿಯ ಜೊತೆ ಹೋಗಿ, ಚಳಿಯಲ್ಲಿ ನಡುಗುತ್ತ, ಇದು ಯಾವಾಗ ಮುಗಿಯುತ್ತದೆ ಎಂದು ಕಾಯುತ್ತಿದ್ದಳಂತೆ. ಅಲ್ಲಿಯ ಕನ್ನಡ ಬಳಗ 1983ರಿಂದ ಇದೆ, ಯುಗಾದಿ ದೀಪಾವಳಿಗೆ ಕೂಡುತ್ತಾರೆ. ಮಗಳು ವರ್ಷಕ್ಕೆ ಎರಡು ಸಲ ಇವಳನ್ನು ಎಳೆದುಕೊಂಡು ಹೋಗುತ್ತಿದ್ದಳು. ಎಳೆದುಕೊಂಡು ಹೋದದ್ದೆಲ್ಲ ವ್ಯರ್ಥವಲ್ಲ ಎನ್ನಿ. ಆ ದಿನದ ಚಳಿ ನೆನಪಿದೆ ಎಂದಳು, ಅಷ್ಟಾದರೂ ಉಳಿಯಿತಲ್ಲ.

ಇಳಕಲ್ಲ ಮುಟ್ಟುವಾಗ ಸಂಜೆ. ನಮ್ಮ ಅಪ್ಪ ನೇಕಾರರು, ಅಣ್ಣನೂ ನೇಯ್ದವನು. ಅಣ್ಣ ತೀರಿಕೊಂಡ ಮೇಲೆ ವೈನಿ ಒಂದು ಕುಣಿಮಗ್ಗವನ್ನು ಉಳಿಸಿಕೊಂಡಿದ್ದಾಳೆ, ದೂರದ ಸಂಬಂಧಿಕ ಬಂದು ನೇಯುತ್ತಾನೆ. ಮಕ್ಕಳಿಗೆ ಮಗ್ಗ ಬೇಡ. ಅವರನ್ನು ಬೈಯುವ ಹಾಗೂ ಇಲ್ಲ. ಇಳಕಲ್ಲ ಸೀರೆಗೆ ಸರಕಾರದ ಭೌಗೋಳಿಕ ಗುರುತು ಸಿಕ್ಕಿದೆ, ಆದರೂ ಅಂಗಡಿಯಲ್ಲಿ ಪವರ್‌ಲೂಮಿನ ಸೀರೆ ಅರ್ಧ ಬೆಲೆಗೆ ಇಳಕಲ್ಲ ಎಂಬ ಹೆಸರಿನಲ್ಲೇ ಮಾರಾಟವಾಗುತ್ತದೆ. ಹೆಸರು ಒಂದೇ ಉಳಿದು ಮಾಲು ಬದಲಾಗುವುದು ವೆಂಗಿಯಲ್ಲಷ್ಟೇ ಅಲ್ಲ.

ಪವರ್‌ಲೂಮಿನದರಲ್ಲಿ ಇಲ್ಲದ್ದು ಕೊಂಡಿ. ಉಳಿದ ಊರಿನ ಸೀರೆಗೆ ಒಂದು ಸಲ ಉದ್ದನೆಯ ಹಾಸು ಹೂಡಿದರೆ ಸಾಲಾಗಿ ಹಲವು ಸೀರೆ ನೇಯಬಹುದು. ಇಳಕಲ್ಲದ್ದು ಹಾಗಲ್ಲ. ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಬೇರೆ ಹಾಸು, ಅದು ಕೆಂಪು ರೇಷ್ಮೆಯದು. ಮೈಯ ಹಾಸಿನ ಎಳೆಗಳನ್ನು ಸೆರಗಿನ ಹಾಸಿನ ಎಳೆಗಳಿಗೆ ಒಂದೊಂದಾಗಿ ಕುಣಿಕೆಯಲ್ಲಿ ಕೂಡಿಸಬೇಕು. ಅದೇ ಕೊಂಡಿ. ಸಾವಿರಾರು ಎಳೆ. ಒಂದು ಸೀರೆ ಮುಗಿದರೆ ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ ಕಟ್ಟಬೇಕು, ನಿನ್ನೆ ಕಟ್ಟಿದ್ದು ಇವತ್ತಿಗೆ ಬರುವುದಿಲ್ಲ. ಮಗ್ಗದಲ್ಲಿ ಕೂತು ಹೆಸರು ಮಾಡುವವರು ಗಂಡಸರು, ಕಂಡಿಕೆ ಸುತ್ತುವುದು, ಎಳೆ ಕೂಡಿಸುವುದು ಎಲ್ಲ ಮನೆಯ ಹೆಣ್ಣುಮಕ್ಕಳದು. ನಾನೂ ಎಂಟನೆಯ ವಯಸ್ಸಿಗೆ ಕಲಿತಿದ್ದೆ. ಕಲಿತು ಶಾಲೆಯ ಕೆಲಸ ಸಿಕ್ಕ ಮೇಲೆ ಬಿಟ್ಟೆ.

ವೈನಿ ಮುಗಿದ ಸೀರೆಯೊಂದನ್ನು ಬಿಚ್ಚಿ ಸೆರಗು ಹಾಸಿದಳು. ಕೆಂಪು ನೆಲ, ಅದರ ಮೇಲೆ ಬಿಳಿ ಹಲ್ಲು ಹಲ್ಲಾಗಿ ಬಂದ ತೆನೆ, ಹಣಿಗೆ. ಜೋಳದ ತೆನೆಯಂತೆ ಇರುವುದಕ್ಕೆ ತೋಪತೆನಿ ಎನ್ನುತ್ತಾರೆ. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಮುಂದೆ ಬಂದು ಮಂಡಿ ಊರಿ, ಬೆರಳಿನಿಂದ ಆ ತೆನೆಯನ್ನು ಸವರಿ, "ಇದು ನನ್ನ ಕೌದಿ" ಎಂದಳು.

ನಮಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. 2003ರಲ್ಲಿ ಕರದಂಟಿನ ಜೊತೆ ಕಳಿಸಿದ ಕೌದಿಯನ್ನು ವೈನಿ ಮತ್ತು ನಾನು ಕೂಡಿ ಹೊಲಿದಿದ್ದೆವು. ನಮ್ಮ ಅವ್ವನ ಹಳೆಯ ಇಳಕಲ್ಲ ಸೀರೆಗಳು, ಉಟ್ಟು ಉಟ್ಟು ಮೆತ್ತಗಾದವು. ಸೆರಗಿನ ಭಾಗ ಗಟ್ಟಿಯಿತ್ತೆಂದು ಮೇಲುಗಡೆ ಬರುವಂತೆ ಇಟ್ಟಿದ್ದೆವು. ಹುಡುಗಿ ಹತ್ತು ವರ್ಷದವರೆಗೆ ಆ ಕೌದಿ ಇಲ್ಲದೆ ಮಲಗಲಿಲ್ಲವಂತೆ. ನಿದ್ದೆ ಬರುವವರೆಗೆ ಬಿಳಿ ಹಲ್ಲುಗಳನ್ನು ಬೆರಳಿನಿಂದ ಎಣಿಸುತ್ತಿದ್ದಳಂತೆ. ಅವಳು ಎಣಿಸುತ್ತಿದ್ದದ್ದು ಒಂದು, ಎರಡು ಎಂದು ಕನ್ನಡದಲ್ಲಿ. ಮಾತು ನಿಲ್ಲಿಸುವ ಮೊದಲು ಮಗಳು ಕಲಿಸಿದ್ದು ಇಪ್ಪತ್ತರವರೆಗೆ. ಅವಳಿಗೆ ಬರುವ ಹತ್ತಿಪ್ಪತ್ತು ಮಾತು ಎಂದೆನಲ್ಲ, ಅದರಲ್ಲಿ ಹೆಚ್ಚಿನವು ಈ ಅಂಕಿಗಳೇ. ಇದನ್ನು ಮಗಳು ನನಗೆ ಎಂದೂ ಹೇಳಿರಲಿಲ್ಲ. ಅವಳಿಗೂ ಮರೆತಿತ್ತೇನೋ.

ವೈನಿ ಹೆಚ್ಚು ಮಾತಿನವಳಲ್ಲ. "ನಿಮ್ಮ ಮುತ್ತಜ್ಜಿ ಸೀರಿ ಅದು. ನಾ ಮದುವಿಯಾಗಿ ಬಂದಾಗ ಉಟ್ಟಿದ್ರು" ಎಂದಳು. ಆಮೇಲೆ ಹುಡುಗಿಯ ಕೈ ಹಿಡಿದು ಮಗ್ಗದ ಹತ್ತಿರ ಒಯ್ದಳು. ಅಲ್ಲಿ ಹೊಸ ಸೀರೆಗೆ ಎಳೆ ಕೂಡಿಸುವ ಕೆಲಸ ನಡೆದಿತ್ತು. ಹುಡುಗಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಬೆರಳಿನಿಂದ ಬೆರಳಿಗೆ ಎಳೆ ದಾಟಿಸಿ ತೋರಿಸಿದಳು. ಬಾಯಿ ಬೇಕಾಗಲಿಲ್ಲ. ನಾನು ಎರಡು ದಿನ ಇತಿಹಾಸ ಹೇಳಿ ಹೇಳಿ ದಣಿದಿದ್ದೆ, ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂತೆ.

ಅರ್ಧ ತಾಸಿನಲ್ಲಿ ಹುಡುಗಿ ಹನ್ನೊಂದು ಎಳೆ ಕೂಡಿಸಿದಳು. ಒಂದು, ಎರಡು ಎಂದು ಸಣ್ಣ ದನಿಯಲ್ಲಿ ಎಣಿಸುತ್ತಿದ್ದದ್ದು ನನಗೆ ಕೇಳುತ್ತಿತ್ತು. ಆ ಸೀರೆ ತನಗೇ ಬೇಕೆಂದು, ಮುಗಿದ ಮೇಲೆ ಲಂಡನ್ನಿಗೆ ಕಳಿಸಬೇಕೆಂದು ವೈನಿಯಿಂದ ಮಾತು ತೆಗೆದುಕೊಂಡಳು. ಆಮೇಲೆ ಚಹಾ ಆಯಿತೆಂದು ಒಳಗಿನಿಂದ ಯಾರೋ ಕರೆದರು, ಎದ್ದು ಹೋದಳು. ಅವಳು ಅಡಿಗೆಮನೆ ಸೇರಿದ್ದನ್ನು ನೋಡಿಕೊಂಡು ವೈನಿ ಆ ಹನ್ನೊಂದರಲ್ಲಿ ನಾಲ್ಕನ್ನು ಮೆಲ್ಲಗೆ ಬಿಚ್ಚಿ ಮತ್ತೆ ಕಟ್ಟಿದಳು. ನಾನು ನೋಡಿದ್ದನ್ನು ಅವಳೂ ನೋಡಿದಳು.

"ಏಳು ಛಲೋ ಕಟ್ಯಾಳ" ಎಂದಳು.